12 ಲಕ್ಷದ ಸುದ್ದಿ ಒಂದು ಕಡೆ, ನಮ್ಮ ಮನೆ ಲೆಕ್ಕ ಇನ್ನೊಂದು ಕಡೆ

2025ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಕೇಂದ್ರ ಬಜೆಟ್ ಓದಿ ಮುಗಿಸುವಷ್ಟರಲ್ಲಿ ಎಲ್ಲರ ಮೊಬೈಲಿಗೂ ಒಂದೇ ಸಾಲು ಬಂದಿತ್ತು: 12 ಲಕ್ಷದವರೆಗೆ ತೆರಿಗೆ ಇಲ್ಲ. ಸುದ್ದಿ ನಿಜವೇ. ಆದರೆ "ಅದರಿಂದ ನಮ್ಮ ಮನೆಗೆ ಎಷ್ಟು ಉಳಿಯಿತು?" ಎಂದು ಕೇಳಿದರೆ ಬಹಳಷ್ಟು ಮನೆಗಳಲ್ಲಿ ಉತ್ತರ ಸೊನ್ನೆ. ಆ ಮನೆಗಳಲ್ಲಿ ಅದಕ್ಕೂ ಮೊದಲೂ ಯಾರೂ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಎರಡು ತಿಂಗಳು ಕಳೆದು ಏಪ್ರಿಲ್ 1 ಬಂತು. ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು, ಡೀಸೆಲ್ 2 ರೂಪಾಯಿ ಏರಿತು, ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿತು. ಇದು ಎಲ್ಲ ಮನೆಗೂ ತಟ್ಟಿತು.

ಹಾಗಾಗಿ ಬಜೆಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಟಿವಿ ಮುಂದೆ ಕೂತು ಜಗಳ ಆಡುವುದಕ್ಕಿಂತ ನಮ್ಮ ಮನೆಗೆ ಸರ್ಕಾರದ ನಿರ್ಧಾರಗಳು ಯಾವ ಯಾವ ಬಾಗಿಲಿಂದ ಬರುತ್ತವೆ ಎಂದು ನೋಡಿಕೊಳ್ಳುವುದು ಮೇಲು. ಸಂಬಳದ ಮೇಲೆ ತೆರಿಗೆ, ಕೊಳ್ಳುವ ಸಾಮಾನಿನ ಮೇಲೆ ತೆರಿಗೆ, ರಾಜ್ಯ ಸರ್ಕಾರದ ತೆರಿಗೆ-ಶುಲ್ಕಗಳು, ಖಾತೆಗೆ ಬೀಳುವ ಸಹಾಯಧನ. ಈ ನಾಲ್ಕೂ ಬೇರೆ ಬೇರೆ ದಿನ ಬದಲಾಗುತ್ತವೆ, ಬೇರೆ ಬೇರೆಯವರು ಬದಲಾಯಿಸುತ್ತಾರೆ. ಮನೆಯೊಳಗೂ ಬೇರೆ ಬೇರೆಯವರ ಕೈಗೆ ತಾಗುತ್ತವೆ. ಈ ಕೊನೆಯ ಮಾತನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಅದೇ ಮುಖ್ಯ.

ಮೊದಲು ಸಂಬಳದ ಲೆಕ್ಕ. ಆದಾಯ ತೆರಿಗೆಗೆ ಹೊಸದು, ಹಳೆಯದು ಎಂದು ಎರಡು ಪದ್ಧತಿ ಇವೆ, 12 ಲಕ್ಷದ ಸುದ್ದಿ ಹೊಸದರದ್ದು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ಈ ಹಂತಗಳನ್ನೇ ಸ್ಲ್ಯಾಬ್ ಅನ್ನುವುದು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 4 ಲಕ್ಷದ ಮೇಲೆ ತೆರಿಗೆ ಶುರುವಾದರೆ 12 ಲಕ್ಷದವರೆಗೆ ಇಲ್ಲ ಅನ್ನುವುದು ಹೇಗೆ? ಅದು ರಿಬೇಟ್‌ನಿಂದ. ಸ್ಲ್ಯಾಬ್ ಪ್ರಕಾರ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಬರುತ್ತದೆ, ಆದಾಯ 12 ಲಕ್ಷ ದಾಟದಿದ್ದರೆ ಆ 60,000ವನ್ನೂ ಮನ್ನಾ ಮಾಡುತ್ತಾರೆ. ಸಂಬಳದಾರರಿಗೆ ಲೆಕ್ಕಕ್ಕೆ ಮುಂಚೆಯೇ ಸಂಬಳದಿಂದ ಕಳೆಯುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ ಅವರಿಗೆ ಗಡಿ 12.75 ಲಕ್ಷ.

12.75 ಲಕ್ಷ ಸಂಬಳದವರು 2024-25ರ ಸ್ಲ್ಯಾಬಿನಲ್ಲಿ 80,000 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 83,200 ಕಟ್ಟುತ್ತಿದ್ದರು. ಈಗ ಸೊನ್ನೆ. ತಿಂಗಳಿಗೆ ಹೆಚ್ಚುಕಡಿಮೆ 6,900 ರೂಪಾಯಿ ಕೈಗೆ ಬಂತು. ಇದು ದೊಡ್ಡ ಮೊತ್ತ, ಅದರಲ್ಲಿ ಎರಡು ಮಾತಿಲ್ಲ.

ಗಡಿ ದಾಟಿದರೆ? 13.75 ಲಕ್ಷ ಸಂಬಳ ಇದ್ದರೆ ತೆರಿಗೆ ಹಾಕುವ ಆದಾಯ 13 ಲಕ್ಷ, ಸೆಸ್ ಸೇರಿ ತೆರಿಗೆ 78,000. ಮನ್ನಾ ಪೂರ್ತಿ ಹೋಯಿತು. ಗಡಿಯನ್ನು ಸ್ವಲ್ಪವೇ ದಾಟಿದವರಿಗೆ ಒಂದು ರಕ್ಷಣೆ ಇದೆ. ಆದಾಯ 12,10,000 ಆದರೆ ಸ್ಲ್ಯಾಬ್ ಲೆಕ್ಕದ 61,500 ಕೇಳುವುದಿಲ್ಲ, ಗಡಿ ದಾಟಿದ 10,000 ಮತ್ತು ಅದರ ಮೇಲಿನ ಸೆಸ್ ಮಾತ್ರ ಕೇಳುತ್ತಾರೆ. ಒಳ್ಳೆಯದೇ. ಆದರೆ ಇದನ್ನು ತಿರುಗಿಸಿ ನೋಡಿ: ಆದಾಯ 12 ಲಕ್ಷದಿಂದ ಸುಮಾರು 12.70 ಲಕ್ಷಕ್ಕೆ ಏರುವವರೆಗೆ ಸಿಕ್ಕ ಇಂಕ್ರಿಮೆಂಟ್ ಪೂರ್ತಿ ತೆರಿಗೆಗೇ ಹೋಗುತ್ತದೆ, ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಈ ಜಾಗದಲ್ಲಿ ಇರುವವರು ಕಂಪನಿಯನ್ನು ಒಂದು ಮಾತು ಕೇಳಬೇಕು. ಏರಿಕೆಯ ಒಂದು ಭಾಗವನ್ನು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆಗೆ) ಕಂಪನಿಯ ಪಾಲಾಗಿ ಹಾಕಲು ಆಗುತ್ತದಾ ಅಂತ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಕಂಪನಿ ಹಾಕುವ ಪಾಲಿಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಉಳಿದಿರುವ ಕೆಲವೇ ವಿನಾಯಿತಿಗಳಲ್ಲಿ ಇದೊಂದು.

ಇನ್ನೊಂದು ವಿಷಯ ತುಂಬಾ ಜನರಿಗೆ ರಿಟರ್ನ್ ತುಂಬುವಾಗಲೇ ಗೊತ್ತಾಗುತ್ತದೆ. ಈ ಮನ್ನಾ ಷೇರು, ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿದ ಲಾಭಕ್ಕೆ ಅನ್ವಯಿಸುವುದಿಲ್ಲ. ಆ ಲಾಭಕ್ಕೆ ಬೇರೆಯೇ ದರ. 2024ರ ಜುಲೈ 23ರಿಂದ ಒಂದು ವರ್ಷದೊಳಗೆ ಮಾರಿದರೆ ಶೇ 20, ಆಮೇಲೆ ಮಾರಿದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಸಂಬಳ 9 ಲಕ್ಷ, ಷೇರಿನ ಲಾಭ 2 ಲಕ್ಷ ಇರುವವರು "ಒಟ್ಟು 11 ತಾನೇ, ತೆರಿಗೆ ಇಲ್ಲ ಬಿಡು" ಅಂದುಕೊಂಡು ಸುಮ್ನೆ ಕೂತರೆ ತೊಂದರೆ.

ಹಳೆ ಪದ್ಧತಿ ಇನ್ನೂ ಇದೆ. ಎಲ್‌ಐಸಿ, ಪಿಪಿಎಫ್, ಮನೆ ಸಾಲದ ಬಡ್ಡಿ, ಮನೆ ಬಾಡಿಗೆ ಎಲ್ಲ ತೋರಿಸಿ ತೆರಿಗೆ ಇಳಿಸಿಕೊಳ್ಳುವುದು ಅಲ್ಲಿ. ಆದರೆ ಈಗ ಅದು ಎಷ್ಟು ಜನರಿಗೆ ಲಾಭ ಎಂದು ಒಂದು ಉದಾಹರಣೆ ಮಾಡಿ ನೋಡೋಣ. ಸಂಬಳ 20 ಲಕ್ಷ ಇದೆ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ಸೆಸ್ ಬಿಟ್ಟು ತೆರಿಗೆ 1,85,000. ಹಳೆ ಪದ್ಧತಿಯಲ್ಲಿ ಇದಕ್ಕಿಂತ ಕಡಿಮೆ ಬರಬೇಕಾದರೆ ಅಲ್ಲಿನ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೂ 7 ಲಕ್ಷಕ್ಕೂ ಮೇಲೆ ವಿನಾಯಿತಿ ತೋರಿಸಬೇಕು. ಉಳಿತಾಯಕ್ಕೆ 1.5 ಲಕ್ಷ, ಮನೆ ಸಾಲದ ಬಡ್ಡಿಗೆ 2 ಲಕ್ಷ, ಆರೋಗ್ಯ ವಿಮೆಗೆ 25,000 ಸೇರಿಸಿದರೂ 3.75 ಲಕ್ಷವೇ ಆಯಿತು. ಸ್ವಂತ ಮನೆಯ ಸಾಲವೂ ಇದ್ದು, ಕೆಲಸಕ್ಕಾಗಿ ಬೇರೆ ಊರಿನಲ್ಲಿ ದೊಡ್ಡ ಬಾಡಿಗೆಯೂ ಕಟ್ಟುವವರಿಗೆ ಮಾತ್ರ ಲೆಕ್ಕ ಹತ್ತಿರ ಬರುತ್ತದೆ. ಉಳಿದವರಿಗೆ ಹೊಸದೇ ಸರಿ.

ಇದರಲ್ಲಿ ನನಗೆ ಒಂದು ಚಿಂತೆ ಇದೆ. ಮೊದಲು ತೆರಿಗೆ ಉಳಿಸುವ ನೆಪದಲ್ಲಾದರೂ ಮಾರ್ಚ್ ತಿಂಗಳಲ್ಲಿ ಪಿಪಿಎಫ್‌ಗೆ, ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ದುಡ್ಡು ಹೋಗುತ್ತಿತ್ತು. ಈಗ ಆ ಒತ್ತಾಯ ಇಲ್ಲ. ತಿಂಗಳಿಗೆ 6,900 ಉಳಿದದ್ದು ಬರುವ ತಿಂಗಳಿಂದಲೇ ಯಾವುದೋ ಇಎಂಐ ಆಗಿ ಕರಗಿದರೆ ಆ ಮನೆಯ ಹತ್ತು ವರ್ಷದ ಮುಂದಿನ ಲೆಕ್ಕ ಕೆಡುತ್ತದೆ. ಸುಕನ್ಯಾ ಖಾತೆಯ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ, ಕಟ್ಟಿದ ದುಡ್ಡಿಗೆ ವಿನಾಯಿತಿ ಇಲ್ಲ ಅಷ್ಟೇ. ದಯವಿಟ್ಟು ನಿಲ್ಲಿಸಬೇಡಿ.

ಈಗ ಇನ್ನೊಂದು ಮನೆ. ಬೆಂಗಳೂರಿನ ಪೀಣ್ಯದ ಕಡೆ ಎಂದು ಇಟ್ಟುಕೊಳ್ಳೋಣ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ, ಗಂಡ ಬೈಕಿನಲ್ಲಿ ಡೆಲಿವರಿ ಕೆಲಸ. ಇಬ್ಬರದೂ ಸೇರಿ ವರ್ಷಕ್ಕೆ ಮೂರೂವರೆ ಲಕ್ಷ. ಇವರಿಗೆ ಸ್ಲ್ಯಾಬ್ ಬದಲಾವಣೆ ಬೇರೆ ಯಾರದೋ ಮನೆಯ ಸುದ್ದಿ. ಇವರ ಬಜೆಟ್ ನಡೆಯುವುದು ವಿಧಾನಸೌಧದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಹಾಲಿನ ಬೂತಿನಲ್ಲಿ.

ಗೃಹಲಕ್ಷ್ಮಿಯ ತಿಂಗಳ 2,000 ವರ್ಷಕ್ಕೆ 24,000. ಗೃಹಜ್ಯೋತಿಯಲ್ಲಿ 70 ಯೂನಿಟ್ ಉಪಯೋಗಿಸುವ ಮನೆಗೆ ನಿಗದಿತ ಶುಲ್ಕ ಎಲ್ಲ ಸೇರಿ ತಿಂಗಳಿಗೆ ಸುಮಾರು 600 ರೂಪಾಯಿ ಬಿಲ್ ತಪ್ಪುತ್ತದೆ, ವರ್ಷಕ್ಕೆ 7,000ದ ಮೇಲೆ. ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ಇಲ್ಲ. 2025-26ರ ರಾಜ್ಯ ಬಜೆಟ್ ಒಟ್ಟು 4,09,549 ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟಿದ್ದರು, ಎಂಟು ರೂಪಾಯಿಗೆ ಒಂದು ರೂಪಾಯಿ. ಈ ದುಡ್ಡು ಸುಮ್ನೆ ಹಂಚುತ್ತಾರೆ ಎನ್ನುವವರು 12 ಲಕ್ಷದ ಮನ್ನಾವೂ ಸರ್ಕಾರ ಬಿಟ್ಟುಕೊಟ್ಟ ದುಡ್ಡೇ ಎಂದು ನೆನಪಿಡಬೇಕು. ಒಂದು ಸಂಬಳದ ಸ್ಲಿಪ್ಪಿನಲ್ಲಿ ಕಾಣದೆ ಬರುತ್ತದೆ, ಇನ್ನೊಂದು ಬ್ಯಾಂಕಿನ ಮೆಸೇಜಾಗಿ ಬರುತ್ತದೆ.

ಇದೇ ಮನೆಯಿಂದ ಹೋಗುವುದನ್ನೂ ನೋಡಬೇಕು. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು. ದಿನಕ್ಕೆ 2 ಲೀಟರ್, ತಿಂಗಳಿಗೆ 26 ದಿನ ಓಡಿಸುವ ಡೆಲಿವರಿ ಹುಡುಗನಿಗೆ ಇದು ವರ್ಷಕ್ಕೆ 1,872 ರೂಪಾಯಿ. ದಿನಕ್ಕೊಂದು ಲೀಟರ್ ಹಾಲಿಗೆ ವರ್ಷಕ್ಕೆ 1,460. ಡೀಸೆಲ್ ಏರಿದ್ದು ತರಕಾರಿ, ಅಕ್ಕಿಯ ಸಾಗಾಣಿಕೆಯಲ್ಲಿ ಸೇರಿಕೊಂಡು ಬರುತ್ತದೆ, ಅದನ್ನು ಬಿಡಿಸಿ ಎಣಿಸಲು ಆಗುವುದಿಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಹೆಂಡತಿಗೆ ಅದು ತಟ್ಟಲಿಲ್ಲ, ಜೊತೆಗೆ ಹೋಗುವ ಗಂಡನಿಗೆ, ಮಾವನಿಗೆ ತಟ್ಟಿತು. ಕೂಡಿಸಿ ಕಳೆದರೆ ಈ ಮನೆಗೆ ಬರುವುದೇ ಜಾಸ್ತಿ. ಆದರೆ ಬಂದ ದುಡ್ಡು ಯಜಮಾನಿಯ ಖಾತೆಗೆ ಬಿತ್ತು, ಏರಿದ ಪೆಟ್ರೋಲ್ ಗಂಡನ ಜೇಬಿನಿಂದ ಹೋಯಿತು. ಒಂದೇ ಸೂರಿನಡಿ ಇಬ್ಬರಿಗೆ ಎರಡು ಬಜೆಟ್. ಇಂಥ ಮನೆಗಳಲ್ಲಿ ಗಂಡ "ನನಗೇನೂ ಸಿಕ್ಕಿಲ್ಲ" ಅನ್ನುವುದೂ ನಿಜ, ಹೆಂಡತಿ "ಮಕ್ಕಳ ಫೀಸು ಅದರಿಂದಲೇ ಕಟ್ಟಿದ್ದು" ಅನ್ನುವುದೂ ನಿಜ. ಹೆಂಗಸರ ಕೈಗೆ ನೇರವಾಗಿ ಹೋಗುವ ದುಡ್ಡು ಮನೆಯೊಳಗಿನ ಮಾತಿನ ತೂಕವನ್ನು ಬದಲಿಸುತ್ತದೆ ಎಂದು ನಾನು ನಂಬುತ್ತೇನೆ. ಕಂತುಗಳು ತಿಂಗಳುಗಟ್ಟಲೆ ತಡವಾದಾಗ ಹೆಚ್ಚು ನೋವಾಗುವುದೂ ಇದಕ್ಕೇ. ವರ್ಷದ ಲೆಕ್ಕದಲ್ಲಿ 24,000 ಎಂದು ಬರೆಯಬಹುದು, ಫೀಸಿನ ಕೊನೆ ದಿನ ಕಂತಿಗಾಗಿ ಕಾಯುವುದಿಲ್ಲ.

ಗೃಹಜ್ಯೋತಿಯಲ್ಲಿ ಒಂದು ಕಡಿದಾದ ಗಡಿ ಇದೆ, ಬೇಸಿಗೆಯಲ್ಲಿ ತುಂಬಾ ಜನ ಅಲ್ಲಿ ಜಾರುತ್ತಾರೆ. ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಇಷ್ಟು ಯೂನಿಟ್ ಎಂದು ನಿಗದಿ ಮಾಡಿದ್ದಾರೆ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 199ಕ್ಕೂ 201ಕ್ಕೂ ಇರುವ ವ್ಯತ್ಯಾಸ ಎರಡು ಯೂನಿಟ್, ಬಿಲ್ಲಿನಲ್ಲಿ ನೂರಾರು ರೂಪಾಯಿ.

ಇಂಥ ಗಡಿಗಳೇ ಸಹಾಯಧನದ ಜೀವಾಳ. ಗೃಹಲಕ್ಷ್ಮಿಗೆ ಬಿಪಿಎಲ್ ಕಾರ್ಡೇ ಬೇಕೆಂದಿಲ್ಲ, ಎಪಿಎಲ್‌ನವರಿಗೂ ಸಿಗುತ್ತದೆ. ಆದರೆ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಇಲ್ಲ. ಎರಡು ಷರತ್ತಿನ ನಡುವಿನ ವ್ಯತ್ಯಾಸ ಗಮನಿಸಿ: ಒಂದು ಕಡೆ ತೆರಿಗೆ ಕಟ್ಟುವುದು, ಇನ್ನೊಂದು ಕಡೆ ಬರೀ ರಿಟರ್ನ್ ಸಲ್ಲಿಸುವುದು. ಆನ್‌ಲೈನಿನಲ್ಲಿ ನಾಲ್ಕು ಸಾಮಾನು ಮಾರಲು ಗಂಡ ಜಿಎಸ್‌ಟಿ ನಂಬರ್ ತೆಗೆದುಕೊಂಡರೆ ವ್ಯಾಪಾರ ನಡೆಯದಿದ್ದರೂ ರಿಟರ್ನ್ ಹಾಕಲೇಬೇಕು, ಹೆಂಡತಿಯ 24,000 ಅಲ್ಲಿಗೆ ಸಿಕ್ಕಿಹಾಕಿಕೊಳ್ಳಬಹುದು. ಬ್ಯಾಂಕ್ ಸಾಲಕ್ಕೆಂದು ಸೊನ್ನೆ ತೆರಿಗೆಯ ಐಟಿ ರಿಟರ್ನ್ ಹಾಕಿದವರ ಬಿಪಿಎಲ್ ಕಾರ್ಡು ಹೋಯಿತೆಂದು 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರದ್ದು ಬಿಟ್ಟು ಉಳಿದವರ ಕಾರ್ಡು ತೆಗೆಯುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಿತು. ಇಂಥ ಫಾರಂಗೆ ಸಹಿ ಹಾಕುವ ಮೊದಲು ಮನೆಯಲ್ಲಿ ಬೇರೆಯವರಿಗೆ ಬರುತ್ತಿರುವುದು ಏನಾದರೂ ನಿಲ್ಲುತ್ತದಾ ಎಂದು ಕೇಳಿಕೊಳ್ಳಿ. ಸಾಲ ಕೊಡಿಸುವ ಏಜೆಂಟ್ ಅದನ್ನು ಹೇಳುವುದಿಲ್ಲ.

ಸಂಬಳದಲ್ಲೂ ಹೀಗೆಯೇ. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಸಿಗುವ ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000ಕ್ಕೆ ಏರಿಸಿದರು. ಅದಾದ ಮೇಲೆ ಸಂಬಳಗಳು ಏರಿದವು, ಮಿತಿ ವರ್ಷಗಟ್ಟಲೆ ಕದಲಲಿಲ್ಲ. ಸೂಪರ್‌ವೈಸರ್ ಆಗಿ ಸಂಬಳ 21,500 ಆದವರಿಗೆ 500 ರೂಪಾಯಿ ಬಂತು, ಇಡೀ ಮನೆಯ ಆಸ್ಪತ್ರೆ ಖರ್ಚಿನ ಆಸರೆ ಹೋಯಿತು.

ಇನ್ನು ಕೊಳ್ಳುವ ಸಾಮಾನಿನ ತೆರಿಗೆ. ಇದಕ್ಕೂ ಬಜೆಟ್ ದಿನಕ್ಕೂ ಸಂಬಂಧವೇ ಇಲ್ಲ. ಕೇಂದ್ರ, ರಾಜ್ಯಗಳು ಎರಡೂ ಇರುವ ಜಿಎಸ್‌ಟಿ ಮಂಡಳಿ ಸಭೆ ಸೇರಿದಾಗ ಬದಲಾಗುತ್ತದೆ. 2025ರ ಸೆಪ್ಟೆಂಬರ್ 3ರಂದು ತೀರ್ಮಾನಿಸಿ 22ರಿಂದ ಜಾರಿ ಮಾಡಿದ ಬದಲಾವಣೆಯಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟ್ ಶೇ 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಮಕ್ಕಳ ನೋಟ್‌ಬುಕ್, ಪೆನ್ಸಿಲ್‌ಗೆ ಪೂರ್ತಿ ಮಾಫಿ. ಚಿಕ್ಕ ಕಾರು, 350 ಸಿಸಿವರೆಗಿನ ಬೈಕು, ಎಸಿ, ಸಿಮೆಂಟು 28ರಿಂದ 18ಕ್ಕೆ.

ತೆರಿಗೆ ಇಳಿದರೆ ಬೆಲೆ ಇಳಿಯಲೇಬೇಕೆಂದು ಇಲ್ಲ ಎಂಬುದಕ್ಕೆ ತುಪ್ಪದ ಡಬ್ಬಿಗಿಂತ ಒಳ್ಳೆ ಸಾಕ್ಷಿ ಬೇಡ. ನಂದಿನಿ ತುಪ್ಪ ಲೀಟರಿಗೆ 650 ಇತ್ತು. ಅದರಲ್ಲಿ ತುಪ್ಪದ ಬೆಲೆ ಸುಮಾರು 580, ತೆರಿಗೆ 70. ಸೆಪ್ಟೆಂಬರ್ 22ರಂದು ತೆರಿಗೆ 29ಕ್ಕೆ ಇಳಿಯಿತು, ಲೀಟರಿಗೆ 610 ಆಯಿತು. ನಂದಿನಿ ಮಾರುವ ಕೆಎಂಎಫ್ ಪೂರ್ತಿ ಲಾಭವನ್ನು ಗ್ರಾಹಕರಿಗೆ ಕೊಟ್ಟಿತು, ಲೆಕ್ಕ ಸರಿಯಾಗಿಯೇ ಇದೆ. ನವೆಂಬರ್ ಬಂತು, ಬೆಲೆ 90 ರೂಪಾಯಿ ಏರಿ 700 ಆಯಿತು. ತೆರಿಗೆ ಇಳಿದದ್ದೂ ನಿಜ, ತುಪ್ಪ ಮೊದಲಿಗಿಂತ 50 ರೂಪಾಯಿ ದುಬಾರಿಯಾದದ್ದೂ ನಿಜ. ತೆರಿಗೆ ಇಳಿಯದೇ ಇದ್ದಿದ್ದರೆ 740ರ ಮೇಲೆ ಆಗುತ್ತಿತ್ತು ಎನ್ನಬಹುದು, ಆದರೆ ಅಂಗಡಿಯಲ್ಲಿ ದುಡ್ಡು ಕೊಡುವವರಿಗೆ ಆ ಸಮಾಧಾನ ಕಾಣುವುದಿಲ್ಲ.

ತಿಂಗಳ ದಿನಸಿಯಲ್ಲಿ ಎಷ್ಟು ಉಳಿಯುತ್ತದೆ? ಬಿಡಿ ಅಕ್ಕಿ, ತರಕಾರಿ, ಹಾಲು, ಮೊಟ್ಟೆಗೆ ಮೊದಲೂ ಜಿಎಸ್‌ಟಿ ಇರಲಿಲ್ಲ. ಸೋಪು-ಪೇಸ್ಟು-ಬಿಸ್ಕತ್ತು ಥರದ್ದು ತಿಂಗಳಿಗೆ 2,000 ಇದ್ದರೆ, ಕಂಪನಿಗಳು ಪೂರ್ತಿ ಇಳಿಸಿದ್ದರೆ, ಉಳಿತಾಯ ಹೆಚ್ಚೆಂದರೆ 220 ರೂಪಾಯಿ. ದೊಡ್ಡ ಮೊತ್ತ ಉಳಿದದ್ದು ದೊಡ್ಡ ಸಾಮಾನು ಕೊಂಡವರಿಗೆ: 40,000ದ ಎಸಿಗೆ 3,100, ತೆರಿಗೆಗೆ ಮುಂಚೆ 5 ಲಕ್ಷ ಬೆಲೆಯ ಚಿಕ್ಕ ಪೆಟ್ರೋಲ್ ಕಾರಿಗೆ ಸೆಸ್ಸೂ ಸೇರಿ 55,000. ವರ್ಷದಲ್ಲಿ ಏನೂ ದೊಡ್ಡದು ಕೊಳ್ಳದ ಮನೆಗೆ ಇದು ಸಣ್ಣ ಅನುಕೂಲ ಅಷ್ಟೇ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಆರೋಗ್ಯ ವಿಮೆಯ ಬದಲಾವಣೆ. ನಾವೇ ಕಟ್ಟುವ ಆರೋಗ್ಯ ಮತ್ತು ಜೀವ ವಿಮೆಗೆ ಶೇ 18 ಇದ್ದದ್ದು ಸೊನ್ನೆ ಆಯಿತು. ಅಪ್ಪ-ಅಮ್ಮನ ಪಾಲಿಸಿಗೆ 40,000 ಪ್ರೀಮಿಯಂ ಇದ್ದರೆ 7,200 ತೆರಿಗೆ ಕಟ್ಟುತ್ತಿದ್ದೆವು, ಕಾಯಿಲೆಗೆ ಮುಂಚೆಯೇ ದಂಡ ಕಟ್ಟಿದ ಹಾಗೆ. ಕಂಪನಿಗಳು ಕೊಡುವ ಗುಂಪು ವಿಮೆಗೆ ಈ ಮಾಫಿ ಇಲ್ಲ. ರಿನ್ಯೂವಲ್ ನೋಟಿಸ್ ಬಂದಾಗ ಮೂಲ ಪ್ರೀಮಿಯಂ ಎಷ್ಟಿತ್ತು, ಎಷ್ಟಾಗಿದೆ ಎಂದು ಹಿಂದಿನ ವರ್ಷದ ರಸೀದಿ ಪಕ್ಕದಲ್ಲಿ ಇಟ್ಟು ನೋಡಿ. ವಿಮಾ ಕಂಪನಿಗಳು ತಾವು ಕಟ್ಟುವ ಜಿಎಸ್‌ಟಿಯನ್ನು ಇನ್ನು ವಾಪಸ್ ಹೊಂದಿಸಿಕೊಳ್ಳಲು ಆಗುವುದಿಲ್ಲ, ಅದನ್ನು ಮೂಲ ಪ್ರೀಮಿಯಂಗೆ ಸೇರಿಸುವ ಸಾಧ್ಯತೆ ಇದ್ದೇ ಇದೆ.

ಪೆಟ್ರೋಲ್, ಸೈಟಿನ ನೋಂದಣಿ ಮಾತ್ರ ಯಾಕೆ ಪದೇ ಪದೇ ಏರುತ್ತವೆ? ಜಿಎಸ್‌ಟಿ ಬಂದ ಮೇಲೆ ಹೆಚ್ಚಿನ ಸಾಮಾನುಗಳ ದರ ಏರಿಸುವ ಅಧಿಕಾರ ರಾಜ್ಯದ ಕೈಯಲ್ಲಿ ಒಂಟಿಯಾಗಿ ಉಳಿದಿಲ್ಲ. ಪೆಟ್ರೋಲ್, ಡೀಸೆಲ್, ಮದ್ಯ, ವಾಹನ ತೆರಿಗೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಹೀಗೆ ಕೆಲವೇ ಜಾಗ ಉಳಿದಿವೆ. ದುಡ್ಡು ಬೇಕಾದಾಗ ಯಾವ ಪಕ್ಷದ ಸರ್ಕಾರವಾದರೂ ಅಲ್ಲಿಗೇ ಕೈ ಹಾಕುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು, ರಾಜ್ಯ ಬಜೆಟ್ ಮುಗಿದು ಐದು ತಿಂಗಳು ದಾಟಿದ ಮೇಲೆ. 50 ಲಕ್ಷದ ಸೈಟು ಕೊಳ್ಳುವ ಮನೆಗೆ ಒಂದೇ ಏಟಿಗೆ 50,000 ಜಾಸ್ತಿ. ವೃತ್ತಿ ತೆರಿಗೆಯೂ 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 200ರ ಬದಲು 300 ಆಯಿತು, ವರ್ಷಕ್ಕೆ 2,500. ಸಂವಿಧಾನ ಹಾಕಿರುವ ಮಿತಿಯೇ ಅಷ್ಟು.

ಬದಲಾಗದೆ ಉಳಿದ ಅಂಕಿಗಳ ಬಗ್ಗೆ ಯಾವ ಚಾನೆಲ್ಲೂ ಚರ್ಚೆ ಮಾಡುವುದಿಲ್ಲ. ಆದರೆ ಬೆಲೆ ಏರುವಾಗ ಅಂಕಿ ನಿಂತರೆ ಅದೂ ಕಡಿತವೇ. ಹಳೆ ಪದ್ಧತಿಯ 2.5 ಲಕ್ಷದ ಮಿತಿ, ಉಳಿತಾಯದ 1.5 ಲಕ್ಷ, ಮನೆ ಸಾಲದ ಬಡ್ಡಿಯ 2 ಲಕ್ಷ, ಮೂರೂ 2014ರವು. ಪಿಎಂ ಕಿಸಾನ್ 2019ರಲ್ಲಿ ಶುರುವಾದಾಗ ವರ್ಷಕ್ಕೆ 6,000 ಇತ್ತು, ಆಮೇಲಿನ ಬಜೆಟ್‌ಗಳಲ್ಲೂ ಅಷ್ಟರಲ್ಲೇ ನಿಂತಿತು. ಗೃಹಲಕ್ಷ್ಮಿಯ 2,000ವೂ ಹಾಗೆಯೇ: ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಮೂರು ವರ್ಷದಲ್ಲಿ ಅದರ ಬೆಲೆ ಸುಮಾರು 1,730ಕ್ಕೆ ಬರುತ್ತದೆ. ಎಲ್ಲಕ್ಕಿಂತ ಬೇಸರದ ಅಂಕಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು. 2007ರ ಹೊತ್ತಿಗೆ ತಿಂಗಳಿಗೆ 200 ರೂಪಾಯಿ ಇದ್ದದ್ದು ಎಷ್ಟೋ ಬಜೆಟ್‌ಗಳು ಕಳೆದರೂ 80 ತುಂಬದವರಿಗೆ ಅಷ್ಟೇ ಇತ್ತು. ಉಳಿದದ್ದನ್ನು ರಾಜ್ಯವೇ ಸೇರಿಸಿ ಕೊಡುತ್ತದೆ. ಇದನ್ನು ಯಾವ ಸರ್ಕಾರವೂ "ಕಡಿತ" ಎಂದು ಘೋಷಿಸಲಿಲ್ಲ. ಘೋಷಿಸಿದ್ದರೆ ಬೀದಿಗೆ ಜನ ಬರುತ್ತಿದ್ದರು.

ಮನೆಯಲ್ಲಿ ಹಿರಿಯರಿದ್ದರೆ ಎಫ್‌ಡಿಯ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ, ಗಮನಿಸಿ. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ವರ್ಷಕ್ಕೆ 1 ಲಕ್ಷದವರೆಗಿನ ಬಡ್ಡಿಗೆ ಬ್ಯಾಂಕ್ ಟಿಡಿಎಸ್ ಹಿಡಿಯುವಂತಿಲ್ಲ, ಮೊದಲು ಇದು 50,000 ಇತ್ತು. ಬಡ್ಡಿ 90,000 ಬರುವವರಿಗೆ ಮೊದಲು, ತೆರಿಗೆ ಕಟ್ಟಬೇಕಿಲ್ಲದಿದ್ದರೂ, 9,000 ಹಿಡಿದಿಟ್ಟು, ರಿಟರ್ನ್ ಹಾಕಿ ತಿಂಗಳು ಕಾದ ಮೇಲೆ ವಾಪಸ್ ಬರುತ್ತಿತ್ತು. ಟಿಡಿಎಸ್ ಹಿಡಿಯಲಿಲ್ಲ ಎಂದರೆ ತೆರಿಗೆ ಇಲ್ಲ ಎಂದು ಅರ್ಥ ಅಲ್ಲ, ಬಡ್ಡಿ ಆದಾಯಕ್ಕೆ ಸೇರಲೇಬೇಕು.

ಏಪ್ರಿಲ್‌ನಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಳೆ ಪದ್ಧತಿ ಬೇಕಿದ್ದರೆ ಆಫೀಸಿನಲ್ಲಿ ಹೇಳಿ, ಹೇಳದಿದ್ದರೆ ತಾನಾಗಿಯೇ ಹೊಸದು. ಸಂಬಳದಾರರು ರಿಟರ್ನ್ ಹಾಕುವಾಗ ಬೇಕಾದರೆ ಬದಲಿಸಬಹುದು, ವ್ಯಾಪಾರದ ಆದಾಯ ಇರುವವರಿಗೆ ಆ ಸ್ವಾತಂತ್ರ್ಯ ಇಲ್ಲ, ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ ಅಲ್ಲೇ ಇರಬೇಕು. ಕರೆಂಟ್ ಬಿಲ್ಲಿನಲ್ಲಿ ನಿಮಗೆ ಎಷ್ಟು ಯೂನಿಟ್ ನಿಗದಿಯಾಗಿದೆ ಎಂದು ನೋಡಿಕೊಳ್ಳಿ. ರೇಷನ್ ಕಾರ್ಡಿನ ಇ-ಕೆವೈಸಿ ಬಾಕಿ ಇದ್ದರೆ ಮುಗಿಸಿ, ಗೃಹಲಕ್ಷ್ಮಿ ಯಾವ ಖಾತೆಗೆ ಯಾವಾಗ ಬಿದ್ದಿದೆ ಎಂಬುದು ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಸಿಗುತ್ತದೆ. ಅದನ್ನು ಯಜಮಾನಿಯ ಮೊಬೈಲಿನಲ್ಲೇ ಹಾಕಿಕೊಡಿ.